ವೈಫೈನಲ್ಲಿ ಬಂದ ಚಲುವಮ್ಮ

ಒಗೆಯಲು ತೆಗೆದ ಅಂಗಿಯ ಜೇಬಿನಿಂದ ಚೀಟಿಯೊಂದು ಬಿತ್ತು. ಪದ್ಮ ಬಿಡಿಸಿ ನೋಡಿದಳು. "ಚಲುವಮ್ಮ, ಕೆ.ಆರ್. ಪೇಟೆ. ಸಂಜೆ ನಾಲ್ಕು" ಎಂದು ಬರೆದು, ಕೆಳಗೆ ಒಂದು ಫೋನ್ ನಂಬರ್ ಇತ್ತು. ಅಂಗಿ ಗಂಡ ಶ್ರೀನಿವಾಸಮೂರ್ತಿಯವರದು. ಅವರಿಗೆ ಅರವತ್ತೆರಡು ತುಂಬಿ ಇನ್ನೂ ತಿಂಗಳಾಗಿರಲಿಲ್ಲ.

ಪಾಲಹಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದು ನಿವೃತ್ತರಾದ ಮನುಷ್ಯ. ಮೂವತ್ತು ವರ್ಷ ಶ್ರೀರಂಗಪಟ್ಟಣದಿಂದ ಸ್ಕೂಟರಿನಲ್ಲಿ ಹೋಗಿ ಬಂದರು. ಸೈಕಲ್ಲಿನವರು ಬೆಲ್ ಹೊಡೆದು ಅವರಿಂದ ದಾರಿ ಬಿಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಅಂಥವರು ಹೋದ ವಾರ ಮುನಾವರ್ ಪಾಷಾನ ರಿಪೇರಿ ಅಂಗಡಿಯಿಂದ ಹಳೆಯದೊಂದು ವಿಡಿಯೋ ಗೇಮ್ ಪೆಟ್ಟಿಗೆ ತಂದು ಟೀವಿಗೆ ಸಿಕ್ಕಿಸಿ, ಕಾರ್ ರೇಸ್ ಶುರು ಮಾಡಿದ್ದರು. ಬೆರಳು ಮರಗಟ್ಟುತ್ತದಂತೆ, ಅದಕ್ಕೆ ವ್ಯಾಯಾಮವಂತೆ. (ತೆಂಗಿನಕಾಯಿ ತುರಿಯುವುದೂ ಬೆರಳಿಗೆ ವ್ಯಾಯಾಮವೇ ಎಂದು ಪದ್ಮ ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ.)

ಚೀಟಿಯನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು. ಆ ನಂಬರಿಗೆ ಫೋನ್ ಮಾಡಲು ಎರಡು ಸಲ ಕೈ ಹೋಯಿತು, ಬಿಗುಮಾನ ತಡೆಯಿತು. ಗಂಡನನ್ನೂ ಕೇಳಲಿಲ್ಲ. ಅವರಾಗಿಯೇ ಬಾಯಿ ಬಿಡಲಿ ಎಂದು ಕಾದಳು. ಅವರು ಬಾಯಿ ಬಿಟ್ಟಿದ್ದು ಬೇರೆಯದಕ್ಕೆ.

"ಪದ್ಮ, ಇದನ್ನ ವೈಫೈಗೆ ಸೇರಿಸ್ಬೇಕು ಕಣೆ. ಒಬ್ಬನೇ ಆಡಿ ಆಡಿ ಬೇಜಾರು. ಒಂದು ಜೊತೆ ಬೇಕು ನೋಡು."

"ಬೇಕು ಬೇಕು," ಎಂದಳು ಪದ್ಮ. ಆ ದಿನ ಸಾರಿಗೆ ಉಪ್ಪು ಬೀಳಲಿಲ್ಲ.

ಪೆಟ್ಟಿಗೆಗೆ ಮನೆಯ ವೈಫೈ ಕಾಣಿಸಲೇ ಇಲ್ಲ. ಪಾಷಾನೇ ಬಂದು ನೋಡಿದ.

"ಅರೆ ಸ್ವಾಮಿ, ಇದು ಹಳೇ ಮಾಲು. ನಿಮ್ಮ ವೈಫೈ ಡಬ್ಬ ಹೊಸದು, ಎರಡು ಥರ ಸಿಗ್ನಲ್ ಬಿಡ್ತದೆ. ಜೋರಿಂದು ಇದರ ಕಣ್ಣಿಗೇ ಬೀಳಲ್ಲ. ನಿಧಾನದ್ದನ್ನ ಬೇರೆ ಹೆಸರಲ್ಲಿ ಬಿಡ್ತೀನಿ, ಅದಕ್ಕೆ ಸೇರ್ಸಿ. ಪಾಸ್‌ವರ್ಡು ಹಳೇದೇ." ಪದ್ಮಳ ಮೊಬೈಲಿನಲ್ಲಿ ಏನೋ ಒತ್ತಿ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಓಡಿಹೋದ.

ಪಾಸ್‌ವರ್ಡು ಗೊತ್ತಿದ್ದದ್ದು ಪದ್ಮಳಿಗೆ ಮಾತ್ರ. ಪಾಂಡವಪುರದಲ್ಲಿರುವ ಮಗಳು ಅಪರ್ಣ ಬಂದಾಗ ಹಾಕಿಕೊಟ್ಟು ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದಳು. ಪದ್ಮ ಒಂದೊಂದೇ ಅಕ್ಷರವನ್ನು ಸಾವಧಾನವಾಗಿ ಹೇಳಿ, ಕೊನೆಯ ಅಂಕಿ ಏಳರ ಬದಲು ಒಂಬತ್ತು ಎಂದಳು. ಸೇರಲಿಲ್ಲ. ಮಾರನೆಯ ದಿನ ನಾಲ್ಕು ಎಂದಳು. ಆಚೆ ದಿನ ಅಂಕಿ ಸರಿಯಿತ್ತು, ಅಕ್ಷರ ತಪ್ಪಿತ್ತು. ಲೆಕ್ಕದ ಮೇಷ್ಟರು ಮೂರು ದಿನ ಸತತವಾಗಿ ಫೇಲಾದರು. ಮೂರು ದಿನವೂ ಪದ್ಮಳಿಗೆ ಸೊಗಸಾದ ನಿದ್ದೆ ಬಂತು.

ನಾಲ್ಕನೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. "ಪಾಷಾ ಇಂಥದೇ ಇನ್ನೊಂದನ್ನ ಕೆ.ಆರ್. ಪೇಟೆಗೆ ಮಾರಿದ್ದಾನೆ. ಪಾಪ, ಆಯಮ್ಮ ದಿನಾ ನಾಲ್ಕಕ್ಕೆ ನನಗೆ ಕಾಯ್ತಿರ್ತಾರೆ."

'ಪಾಪ' ಎಂಬ ಮಾತು ಪದ್ಮಳಿಗೆ ಮೆಣಸಿನಕಾಯಿ ಘಾಟಿನಂತೆ ಮೂಗಿಗೇರಿತು. ಮದುವೆಯಾಗಿ ಮೂವತ್ತೈದು ವರ್ಷ. ಅಷ್ಟೂ ವರ್ಷ ಅವಳು ಊಟಕ್ಕೆ ಕಾದಿದ್ದಾಳೆ, ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಾಳೆ, ಒಂದು ಪಾಪವೂ ಸಿಕ್ಕಿರಲಿಲ್ಲ. ಆಗಲಿ, ಆ ಸುಂದರಿಯನ್ನು ಕಣ್ಣಾರೆ ನೋಡಿಯೇ ಬಿಡೋಣ ಎಂದು ಸರಿಯಾದ ಪಾಸ್‌ವರ್ಡು ಹೇಳಿದಳು.

ಸೇರಿತು. ಟೀವಿಯ ಮೇಲೆ ಗಂಡನ ನೀಲಿ ಕಾರು. ಹಿಂದೆಯೇ, ನೆತ್ತಿಯ ಮೇಲೆ ಇಂಗ್ಲಿಷಿನಲ್ಲಿ ಚಲುವಮ್ಮ ಎಂದು ಬರೆದಿದ್ದ ಕೆಂಪು ಕಾರು. ಮೊದಲನೆಯ ತಿರುವಿನಲ್ಲಿ ನೀಲಿ ಕಾರು ನಿಂತಿತು.

"ಯಾಕ್ರೀ ನಿಲ್ಲಿಸಿದ್ರಿ?"

"ಹೆಂಗಸು. ಮುಂದೆ ಹೋಗ್ಲಿ ಬಿಡು."

ಕೆಂಪು ಕಾರೂ ನಿಂತಿತು. ನೀವು ಮೊದಲು, ಇಲ್ಲ ನೀವೇ ಮೊದಲು ಎಂಬಂತೆ ಎರಡೂ ಅಕ್ಕಪಕ್ಕ ನಿಂತೇ ಇದ್ದವು. ಮಿಕ್ಕ ಕಾರುಗಳೆಲ್ಲ ಭರ್ರನೆ ಹೋಗಿಬಿಟ್ಟವು. ಕಂಡವರ ಎದುರಿಗೆ ಇಂಥ ಸರಸವೇ ಎಂದು ಪದ್ಮಳ ಕಣ್ಣು ತುಂಬಿತು. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು.

"ಪದ್ಮ ಅನ್ನೋಳು ನೀನೇನವ್ವಾ?"

"ಹೌದು, ತಾವು ಯಾರು?"

"ನಾನು ಕೆ.ಆರ್. ಪ್ಯಾಟೆ ಚಲುವಮ್ಮ."

ವಾರದಿಂದ ಮನಸ್ಸಿನಲ್ಲೇ ಅರೆದಿಟ್ಟ ಮಾತೆಲ್ಲ ಪದ್ಮಳ ನಾಲಿಗೆಯ ತುದಿಗೆ ಬಂತು. ಆದರೆ ಆ ಕಡೆಯವಳು ಬಿಡಬೇಕಲ್ಲ. ಅವಳ ಜೋರು ದನಿ ಪಕ್ಕದಲ್ಲಿದ್ದ ಗಂಡನಿಗೂ ಕೇಳಿಸುತ್ತಿತ್ತು.

"ನಮ್ಮನೆಯೋರು ಹೊನ್ನಪ್ಪ ದಿನಾ ನಾಕು ಗಂಟೆಗೆ ಗಡ್ಡ ಕೆರ್ಕಂಡು ಟೀವಿ ಮುಂದೆ ಕುಂತ್ಕತಾವ್ರೆ, ಪದ್ಮ ಬತ್ತಾಳೆ ಪದ್ಮ ಬತ್ತಾಳೆ ಅಂತ. ಇವತ್ತು ನಿನ್ ಕಾರು ನಿಂತದೆ ಅಂತ ಅವ್ರೂ ನಿಲ್ಲಿಸ್ಕಂಡು ನಗ್ತಾ ಕುಂತವ್ರೆ. ಜೇಬಲ್ಲಿ ನಿನ್ ನಂಬರ್ ಬೇರೆ ಮಡಿಕಂಡವ್ರೆ. ನಿಂಗೆ ಗಂಡ ಮನೆ ಅಂತ ಏನೂ ಇಲ್ವಾ?"

ಪದ್ಮ ಗಂಡನ ಕಡೆ ತಿರುಗಿದಳು. "ಅದರಲ್ಲಿ ನನ್ನ ಹೆಸರು ಯಾಕ್ರೀ ಇದೆ?"

"ಪೆಟ್ಟಿಗೆ ತರುವಾಗ ಅಂಗಡೀಲೇ ಈಮೇಲ್ ಕೇಳ್ತು. ನಮ್ಮನೇಲಿ ಇರೋದು ನಿಂದೊಂದೇ. ಹೆಸರೂ ನಂಬರೂ ಅದರ ಜೊತೆಗೇ ಹೋಯ್ತು. ಅದನ್ನ ನೋಡಿ ಪಾಷಾ ಇಬ್ರಿಗೂ ಚೀಟಿ ಬರ್ಕೊಟ್ಟ."

ಅದು ಫೋನಿನ ಆ ಕಡೆಗೂ ಕೇಳಿಸಿತು. "ನನ್ ಮೊಬೈಲ್ ಇಸ್ಕಂಡು ಇವ್ರೂ ಏನೋ ಒತ್ತುದ್ರು ಕಣವ್ವ," ಎಂದಳು ಚಲುವಮ್ಮ. "ಅಂಗಾರೆ ಈಗ ಅಲ್ಲಿ ನಿಂತಿರೋರು ಇಬ್ರು ಗಂಡಸ್ರಾ?"

ಅವಳು ನಕ್ಕ ನಗು ಹಜಾರಕ್ಕೆಲ್ಲ ಕೇಳಿಸಿತು. ಶ್ರೀನಿವಾಸಮೂರ್ತಿ ಎದ್ದು ಪೆಟ್ಟಿಗೆಯ ಪ್ಲಗ್ ಕಿತ್ತರು.

"ಯಾಕ್ರೀ?"

"ಯಾವನೋ ಹೊನ್ನಪ್ಪನಂತೆ. ನಿನಗೋಸ್ಕರ ಗಡ್ಡ ಕೆರ್ಕೊಂಡು ಕೂರ್ತಾನಂತೆ."

"ನನಗೆಲ್ಲಿ? ಕಾರು ಓಡಿಸಿದ್ದು ನೀವು."

"ಓಡಿಸಿದ್ದು ನಾನು. ಅವನ ಮನಸ್ಸಲ್ಲಿ ಇದ್ದಿದ್ದು ಯಾರು, ಅದನ್ನ ಹೇಳು."

ಮೇಷ್ಟರ ಲೆಕ್ಕದಲ್ಲಿ ಪದ್ಮಳಿಗೆ ತಪ್ಪು ಕಾಣಲಿಲ್ಲ. ತಪ್ಪು ಹುಡುಕುವ ಮನಸ್ಸೂ ಇರಲಿಲ್ಲ. ತನ್ನ ವಿಷಯಕ್ಕೆ ಈ ಮನುಷ್ಯನ ಮುಖ ಹೀಗೆ ಕೆಂಪಾದದ್ದನ್ನು ಅವಳು ಕಂಡಿದ್ದು ಇದೇ ಮೊದಲು. ಕನ್ನಡಿಯ ಮುಂದೆ ಹೋಗಿ ಸುಮ್ಮನೆ ತಲೆ ನೇವರಿಸಿಕೊಂಡಳು. ಫೋನ್ ಮತ್ತೆ ರಿಂಗಾಯಿತು. ಅದೇ ನಂಬರ್. ಅವಳು ಕೈ ಚಾಚುವ ಮೊದಲೇ ಗಂಡ ಎತ್ತಿಕೊಂಡರು.

"ಪದ್ಮ ಅವ್ರಾ?" ಎಂದಿತು ಒಂದು ದಪ್ಪ ಗಂಡು ದನಿ.

"ಪದ್ಮ ಮನೇಲಿಲ್ಲ," ಎಂದು ಹೇಳಿ ಶ್ರೀನಿವಾಸಮೂರ್ತಿ ಫೋನನ್ನು ತಮ್ಮ ಜೇಬಿಗೆ ಹಾಕಿಕೊಂಡರು.

ಅದು ಜೇಬಿಗೆ ಹೋಗಿ ಇಂದಿಗೆ ಹನ್ನೊಂದು ದಿನ. ಇಷ್ಟೆಲ್ಲ ನಡೆದದ್ದನ್ನು ಮಗಳಿಗೆ ಹೇಳಿ ನಗೋಣವೆಂದರೆ ಏಕಾಂತ ಸಿಕ್ಕಿಲ್ಲ. ಪದ್ಮ ಫೋನ್ ಕೇಳಿದಾಗಲೆಲ್ಲ ಅವರು, "ಯಾರಿಗೆ? ನಂಬರ್ ಹೇಳು, ನಾನೇ ಒತ್ತಿಕೊಡ್ತೀನಿ," ಎಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ.