ಕುಲಶೇಖರದ ವಿಮಾನ, ಬೆಂಗ್ರೆಯ ಆಚಾರಿ

ವಿಮಾನ ಕಟ್ಟುವ ಕಡೆ ಕೆಲಸಕ್ಕೆ ನಿಂತವನು ನಗಲಿಕ್ಕೆಂದು ಟಾಕೀಸಿಗೆ ಹೋಗಬೇಕಾಗಿಲ್ಲ. ಐವತ್ತರ ದಶಕದ ಕೊನೆಗೆ ಕುಲಶೇಖರದ ಹಂಚಿನ ಶೆಡ್ಡಿನಲ್ಲಿ ಒಬ್ಬರೇ ಕೂರುವಂಥ ಮರದ ವಿಮಾನವೊಂದನ್ನು ನಾವು ಕಟ್ಟುತ್ತಿದ್ದೆವು. ನಾವೆಂದರೆ ಮೂವರು: ಮಿಲಿಟರಿಯಲ್ಲಿ ವಿಮಾನ ರಿಪೇರಿ ಮಾಡಿ ಬಂದ ಧಣಿಗಳು, ಹೊಳೆಯಾಚೆಯ ಬೆಂಗ್ರೆಯಲ್ಲಿ ದೋಣಿ ಕಟ್ಟುವ ಆಚಾರಿ, ಮತ್ತು ನಾನು. ಹಳ್ಳಿಯಿಂದ ಬಂದ ಎರಡೇ ತಿಂಗಳಲ್ಲಿ ಇಂಜಿನ್ ಬಿಚ್ಚಿ ಜೋಡಿಸಲು ಕಲಿತವನು ನಾನು. ಪೇಟೆಯವರಿಗೆ ಅದಕ್ಕೆ ಎರಡು ವರ್ಷ ಬೇಕು.

೧. ಎಣ್ಣೆ

"ಮರಕ್ಕೆ ಎಂತಾದರೂ ಬಳಿದುಬಿಡಿ" ಎಂದು ಹೇಳಿ ಧಣಿಗಳು ಊಟಕ್ಕೆ ಹೋದರು. ಆಚಾರಿ ತಮಗೆ ಗೊತ್ತಿದ್ದದ್ದನ್ನೇ ಬಳಿದರು: ದೋಣಿಗೆ ಬಳಿಯುವ ಮೀನೆಣ್ಣೆ.

ಮರುದಿನ ಬಂದ ಧಣಿಗಳು ಮೂಗು ಮುಚ್ಚಿಕೊಂಡರು. "ಎಂತ ಆಚಾರ್ರೆ ಇದು?"

"ಇನ್ನು ಹುಳ ಬರ್ಲಿಕ್ಕಿಲ್ಲ ಧಣಿ."

ಹುಳ ಬರಲಿಲ್ಲ, ನಿಜ. ಆ ವಿಮಾನದಲ್ಲಿ ಮೊದಲು ಕೂರುವವ ನಾನೇ ಎಂದು ಊರಿಗೆಲ್ಲ ಹೇಳಿಟ್ಟಿದ್ದೆ. ಇಣುಕಿ ನೋಡಿದರೆ, ಪೈಲಟ್ ಸೀಟಿನಲ್ಲಿ ಬೆಕ್ಕೊಂದು ಮೂರು ಮರಿ ಹಾಕಿ ಮಲಗಿತ್ತು.

೨. ಹಲಗೆ

"ತೆಳು ಹಲಗೆ ಹಾಕಿ ಮಾರಾಯ್ರೆ, ಇದು ಮೇಲೆ ಏಳಬೇಕು!" ಎಂದು ಧಣಿಗಳು ದಿನಾ ಗೋಗರೆಯುತ್ತಿದ್ದರು.

"ತೆಳು ಹಾಕಿದರೆ ನನ್ನ ಹೆಸರು ಹಾಳು. ಬಂಡೆಗೆ ಬಡಿದರೆ?"

"ಆಕಾಶದಲ್ಲಿ ಎಂತ ಬಂಡೆ ಉಂಟು?"

ಆಚಾರಿ ಉಳಿ ಕೆಳಗಿಟ್ಟರು. "ಅಲ್ಲ ಧಣಿ, ನೀವು ಕೆಳಗೆ ಬರುವುದೇ ಇಲ್ಲವಾ?"

ಕೊನೆಗೆ ದಪ್ಪ ಹಲಗೆಯನ್ನೇ ಹಾಕಿದ್ದಾಯಿತು.

೩. ಹಾರಾಟ

ದಿಲ್ಲಿಯಿಂದ ಅಧಿಕಾರಿ ಬಂದರು. ವಿಮಾನ ಹಾರಿದರೆ ಪರವಾನಗಿ, ಇಲ್ಲದಿದ್ದರೆ ಶೆಡ್ಡಿಗೆ ಬೀಗ. ಧಣಿಗಳು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಬೆಂಗ್ರೆಯ ಮರಳಿನಲ್ಲಿ ವಿಮಾನ ನಿಲ್ಲಿಸಿ ಧಣಿಗಳೇ ಒಳಗೆ ಕೂತರು. ಮುಂದಿನ ಫ್ಯಾನನ್ನು ಒಂದೇ ಏಟಿಗೆ ತಿರುಗಿಸಿದವನು ನಾನು. ವಿಮಾನ ಓಡಿತು, ಒಂದಾಳೆತ್ತರ ಎದ್ದಿತು, ಹಾಗೇ ಹೋಗಿ ಹೊಳೆಗೆ ಬಿತ್ತು. ರೆಕ್ಕೆ ಎರಡೂ ಕಳಚಿ ಬೇರೆ ಬೇರೆ ದಾರಿ ಹಿಡಿದವು.

ಅಧಿಕಾರಿ ಪುಸ್ತಕ ಮಡಚಿ ಹೊರಟೇಬಿಟ್ಟರು. ನಾವು ಈಜಿಕೊಂಡು ಹೋಗಿ ನೋಡಿದರೆ, ಮುಳುಗದೆ ತೇಲುತ್ತಿದ್ದ ವಿಮಾನದೊಳಗೆ ಧಣಿಗಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ. ಆಚಾರಿ ಒಳಗೆ ಕೈ ಹಾಕಿ ತಡವಿ, "ಒಂದು ಹನಿ ನೀರು ಬರ್ಲಿಲ್ಲ ನೋಡಿ!" ಎಂದು ನೀರಿನಲ್ಲೇ ಕುಣಿದಾಡಿದರು.

ಧಣಿಗಳು ಬಾಯಿ ಬಿಡುವ ಮೊದಲೇ ಮೀನುಗಾರರ ಹಿರಿಯರೊಬ್ಬರು ದೋಣಿಯಲ್ಲಿ ಬಂದು, ವಿಮಾನಕ್ಕೆ ಒಂದು ಸುತ್ತು ಹಾಕಿ, ಹಲಗೆಗೆ ಎರಡು ಗುದ್ದು ಕೊಟ್ಟು ನೋಡಿದರು.

"ಧಣಿ, ಇಂಥದ್ದು ನಮಗೆ ಎರಡು ಬೇಕು. ಇಂಜಿನ್ ಇರಲಿ. ರೆಕ್ಕೆ ಮಾತ್ರ ಬೇಡ, ಬಲೆ ಎಳೆಯುವಾಗ ಅಡ್ಡ ಬರ್ತದೆ."