ಗಡಿ ದಾಟಿದ ಡಬ್ಬಿ

ಕಂಡಕ್ಟರ್ ಕೇಳಿದ್ದಕ್ಕೆ ನಿಜ ಹೇಳಿದ್ದೇ ರಂಗೇಶನ ತಪ್ಪು. ಡಬ್ಬಿಯಲ್ಲಿ ಏನಿದೆ ಅಂದರೆ ಮೀನು ಅನ್ನಬಹುದಿತ್ತು, ಐಸ್‌ಕ್ರೀಂ ಅನ್ನಬಹುದಿತ್ತು. ಶ್ರೀರಾಂಪುರ ಕಡೆಯ ಪಶು ಆಸ್ಪತ್ರೆಯ ಸಹಾಯಕನಾದ ಅವನು ಬೆಳಗಿನಿಂದ ಕುರಿಗಳ ಮೂಗಿಗೆ ಹತ್ತಿ ಕಡ್ಡಿ ಹಾಕಿ ಸುಸ್ತಾಗಿದ್ದ. ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. "ಕುರಿ ರೋಗದ ಸ್ಯಾಂಪಲ್. ವೈರಸ್ ಇರಬೌದು ಅಂತ ದುರ್ಗದ ಲ್ಯಾಬಿಗೆ ಒಯ್ತಿದೀನಿ" ಎಂದುಬಿಟ್ಟ.

ಅವನ ಕಡೆಯ ಮುದುಕಿ ಹುಚ್ಚಕ್ಕನ ಹಿಂಡಿನಲ್ಲಿ ದಿನಾ ಕುರಿ ಸಾಯುತ್ತಿದ್ದವು. ರೋಗ ಯಾವುದೆಂದು ಲ್ಯಾಬಿನವರು ಹೇಳದೆ ಲಸಿಕೆ ಬರುವಂತಿರಲಿಲ್ಲ. ಡಬ್ಬಿಯೊಳಗಿನ ಐಸ್ ಕರಗಿದರೆ ಸ್ಯಾಂಪಲ್ ಕೆಟ್ಟಂತೆಯೇ. ಹೇಗಾದರೂ ಮುಟ್ಟಿಸುತ್ತೇನೆಂದು ಆ ಮುದುಕಿಗೆ ಮಾತು ಕೊಟ್ಟು ಬಂದಿದ್ದ.

ಹೊಳಲ್ಕೆರೆ ದಾಟುವಷ್ಟರಲ್ಲಿ ಬಸ್ಸಿನಲ್ಲಿ ವಾದ ಹೊತ್ತಿಕೊಂಡಿತು. ನಿವೃತ್ತ ಮೇಷ್ಟ್ರು ಮುರುಗಪ್ಪ, ಕರೋನಾ ಬಂದದ್ದೇ ಲ್ಯಾಬಿನಿಂದ, ಇಲ್ಲದ ರೋಗವನ್ನು ಕೂತು ತಯಾರಿಸುತ್ತಾರೆ ಎಂದರು. ಹಾಸಿಗೆ ವ್ಯಾಪಾರದ ದಿಲಾವರ್, ಅದಕ್ಕೆ ಪುರಾವೆ ಎಲ್ಲಿ, ಲ್ಯಾಬ್ ಇಲ್ಲದಿದ್ದರೆ ಲಸಿಕೆ ಎಲ್ಲಿಂದ ಬರುತ್ತಿತ್ತು ಎಂದು ತಿರುಗಿಬಿದ್ದ. ವಿಜ್ಞಾನಿಗಳೇ ಇತ್ಯರ್ಥ ಮಾಡಲಾಗದ ಸಂಗತಿಗೆ ಇಬ್ಬರೂ ಎದ್ದು ನಿಂತು ಕೂಗಾಡಿದರು. ಕೊನೆಗೆ ಒಪ್ಪಿದ್ದು ಒಂದೇ ಮಾತಿಗೆ: ಡಬ್ಬಿ ಇಳಿಯಬೇಕು.

"ವಿಜ್ಞಾನದ ಮ್ಯಾಲೆ ನಂಗೆ ಪೂರ್ತಿ ನಂಬಿಕೆ ಐತ್ರಿ," ಎಂದ ದಿಲಾವರ್, ಡಬ್ಬಿಯನ್ನು ಕಾಲಲ್ಲಿ ಬಾಗಿಲಿನತ್ತ ತಳ್ಳುತ್ತ. "ಆದ್ರೆ ಮುಂದಿನ ಬಸ್ಸಲ್ಲಿ ಬರ್ರಿ."

ರಂಗೇಶನನ್ನು ಡಬ್ಬಿ ಸಮೇತ ದಾರಿಯ ಒಂದು ಹಳ್ಳಿಯಲ್ಲಿ ಇಳಿಸಿ ಬಸ್ಸು ಹೊರಡುವಾಗ ಯಾರೋ ಕಿಟಕಿಯಿಂದ ಡಬ್ಬಿಯ ವಿಷಯ ಕೂಗಿ ಹೇಳಿಯೇ ಹೋದರು. ಕಟ್ಟೆಯ ಮೇಲಿದ್ದ ಊರ ಹಿರಿಯ ಎತ್ತಪ್ಪ ಎದ್ದು ಬಂದ. ಆ ಕಡೆಯ ಊರುಗಳಲ್ಲಿ ಇದಕ್ಕೊಂದು ರೂಢಿಯಿತ್ತು. ಕುರಿಗೆ ಬೇನೆ ಬಂದರೆ ಮಾರಮ್ಮನನ್ನು ಮೊರದಲ್ಲಿಟ್ಟು, ಬೇವು ಅರಿಶಿನ ಹಾಕಿ, ಊರ ಗಡಿಯಾಚೆ ಬಿಟ್ಟು ಬರುವುದು. ಆಮೇಲೆ ಅದು ಮುಂದಿನ ಊರಿನವರ ಪಾಡು.

"ನಿನ್ನ ಯಾರೂ ಬೈಯಲ್ಲ ಬಿಡಪ್ಪ. ಗಡಿ ದಾಟಿಸ್ತೀವಿ ಅಷ್ಟೆ," ಎಂದು ಎತ್ತಪ್ಪ ಡಬ್ಬಿಯನ್ನು ಮೊರದಲ್ಲಿಟ್ಟು ತಲೆಯ ಮೇಲೆ ಹೊತ್ತ. ಬೇಡ ಅನ್ನಲು ಬಾಯಿ ತೆರೆದ ರಂಗೇಶ್, ಊರವರು ಹೊರಟ ದಿಕ್ಕು ನೋಡಿ ಹಿಂದೆಯೇ ಹೆಜ್ಜೆ ಹಾಕಿದ. ಅವರು ದುರ್ಗದ ಕಡೆಗೇ ಹೊರಟಿದ್ದರು.

ಮುಂದಿನ ಊರಿನವರು ಟ್ರ್ಯಾಕ್ಟರ್ ತಂದರು. ಅಷ್ಟರಲ್ಲಿ ಕುರಿ ರೋಗ ಮನುಷ್ಯರ ರೋಗವಾಗಿ ಸುದ್ದಿ ಬೆಳೆದಿತ್ತು. ಅದರಾಚೆಯ ಊರಿನವರು ಲಗೇಜ್ ಆಟೋ ಹತ್ತಿಸಿ, ನಿಲ್ಲಿಸದೆ ಓಡಿಸಿ, ದುರ್ಗದ ಅಂಚಿಗೆ ತಂದುಬಿಟ್ಟರು. ಭಯ ಹೆಚ್ಚಿದಷ್ಟೂ ವೇಗ ಹೆಚ್ಚಿತ್ತು. ಲ್ಯಾಬಿನ ಗೇಟಿನಲ್ಲಿ ಮುಚ್ಚಳ ತೆಗೆದು ನೋಡಿದರೆ ಐಸ್ ಇನ್ನೂ ಗಟ್ಟಿಯಾಗಿತ್ತು. ರಂಗೇಶನಿಗೆ ಆ ದಿನ ಮೊದಲ ಸಲ ನಗು ಬಂತು.

ಅಧಿಕಾರಿ ಸಹನಾ ಮೇಡಂ ಬಾಗಿಲಲ್ಲೇ ತಡೆದರು. ವೈರಸ್ ಹೊರಬಿದ್ದರೆ ನಮ್ಮ ಗತಿಯೇನೆಂದು ಸುತ್ತಲಿನ ಬಡಾವಣೆಯವರು ಮೊನ್ನೆ ಗಲಾಟೆ ಮಾಡಿದ್ದರಂತೆ. ಇನ್ನುಮುಂದೆ ವೈರಸ್ ಇರುವ ಏನನ್ನೂ ಒಳಗೆ ಬಿಡಬಾರದೆಂದು ಆದೇಶವಾಗಿತ್ತಂತೆ.

"ಇದ್ರಲ್ಲಿ ವೈರಸ್ ಇಲ್ಲ ಅಂತ ಬರ್ಕೊಡ್ರಿ, ತಗೊಂಡು ಪರೀಕ್ಷೆ ಮಾಡ್ತೀವಿ."

"ಐತೋ ಇಲ್ವೋ ಗೊತ್ತಾಗ್ಲಿ ಅಂತಾನೇ ತಂದಿದ್ದು ಮೇಡಂ."

"ಅದು ಪರೀಕ್ಷೆ ಆದ್ಮೇಲೆ ಗೊತ್ತಾಗುತ್ತೆ."

ರಂಗೇಶ್ ಮೆಟ್ಟಿಲ ಮೇಲೆ ಕುಸಿದು ಕೂತ. ಹುಚ್ಚಕ್ಕನಿಗೆ ಏನು ಹೇಳುವುದೆಂದು ಸಂಕಟವಾಯಿತು. ಅವನ ಮುಖ ನೋಡಿ ಮೇಡಂಗೂ ಪಾಪ ಅನ್ನಿಸಿತು. ಕೈಗವಸು ತೊಟ್ಟು ಡಬ್ಬಿಗೆ ಔಷಧಿ ಸಿಂಪಡಿಸಿದರು, ಕೆಂಪು ಚೀಟಿ ಅಂಟಿಸಿದರು, ಜೀಪು ತರಿಸಿದರು. ಇಷ್ಟು ಸುಸ್ತಾದವರು ಬಸ್ಸಿನಲ್ಲಿ ಹೋಗುವುದು ಬೇಡ, ಡ್ರೈವರು ಬಿಟ್ಟು ಬರುತ್ತಾನೆ ಎಂದರು.

"ಊರು ತನಕಾನಾ ಮೇಡಂ?" ಎಂದು ರಂಗೇಶ್ ಆಸೆಯಿಂದ ಕೇಳಿದ.

"ಇಲ್ರಿ," ಎಂದರು ಮೇಡಂ. "ನಮ್ಮ ತಾಲೂಕಿನ ಗಡಿ ತನಕ."