ಕಡ್ಡಿಗಿದ್ದ ಒಂದೇ ಕಿಂಡಿ

ಟಿವಿಯ ಬೆನ್ನಿಗೆ ಚುಚ್ಚಿದ್ದ ಇಂಟರ್ನೆಟ್ ಕಡ್ಡಿಗೆ ವಯರು ಸಿಕ್ಕಿಸಲು ಒಂದೇ ಒಂದು ಕಿಂಡಿ ಇದ್ದದ್ದು ಮ್ಯಾಕ್ಸಿಮನ ಆ ಶನಿವಾರದ ಅನಾಹುತಕ್ಕೆಲ್ಲ ಮೂಲ. ಸುಟ್ಟ ಬೆಂಡೆಕಾಯಿಯಂತೆ ಕಪ್ಪಗೆ, ಮೋಟಾಗಿದ್ದ ಆ ಕಡ್ಡಿಯ ಮೂಲಕ ಕಾಪುವಿನ ಅವನ ಮನೆಗೆ ಸಿನೆಮಾ ಬರುತ್ತಿತ್ತು, ಸುದ್ದಿ ಬರುತ್ತಿತ್ತು, ರೋಮಿನ ಬಲಿಪೂಜೆಯೂ ಬರುತ್ತಿತ್ತು. ಬಾರದೆ ಉಳಿದವಳು ಅವನ ಹೆಂಡತಿ ಶಾರ್ಲೆಟ್.

ಶಾರ್ಲೆಟ್ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೋಗಿ ಎರಡು ವರ್ಷ. ಕರಾರು ಮುಗಿಯುತ್ತ ಬಂದಿತ್ತು. ಇನ್ನೆರಡು ವರ್ಷ ಇರುತ್ತಾಳೋ ಊರಿಗೆ ಮರಳುತ್ತಾಳೋ ಎಂಬುದನ್ನು ಮರುದಿನ ಡ್ಯೂಟಿಗೆ ಹೋದಾಗ ಹೇಳಬೇಕಿತ್ತು. ಅದನ್ನು ಅವಳು ಗಂಡನಿಗೆ ತಿಳಿಸಿದ್ದು ಹವಾಮಾನ ವರದಿ ಓದುವ ಧ್ವನಿಯಲ್ಲಿ. ಅವನು 'ಹೌದಾ' ಎಂದದ್ದೂ ಅದೇ ಧ್ವನಿಯಲ್ಲಿ. ಬಾ ಎನ್ನಲು ಅವನಿಗೆ ಸಂಕೋಚ, ಬರಲೇ ಎನ್ನಲು ಅವಳಿಗೆ ಸಂಕೋಚ. ಒಂದೇ ಬಾಗಿಲಲ್ಲಿ ಎದುರುಬದುರಾಗಿ ನಿಂತು 'ನೀವು ಮೊದಲು, ನೀವು ಮೊದಲು' ಎನ್ನುವವರಂತೆ ಇಬ್ಬರೂ ವಾರಗಟ್ಟಲೆ ಊಟದ ವಿಷಯವನ್ನೇ ಮಾತಾಡಿದ್ದರು.

ತಪ್ಪು ಫೋನಿನದು ಎಂದು ಮ್ಯಾಕ್ಸಿಮ್ ತೀರ್ಮಾನಿಸಿದ್ದ. ಅಂಗೈಯಗಲದ ಗಾಜಿನಲ್ಲಿ ಅವಳಿಗೆ ಕಾಣುತ್ತಿದ್ದುದು ಅವನ ಮೂಗು, ಹಣೆ, ನೆತ್ತಿಯ ಮೇಲೆ ತಿರುಗುವ ಫ್ಯಾನು. ಮೂಗು ನೋಡಿ ಯಾರಿಗೂ ಮನೆಗೆ ಬರಬೇಕೆನಿಸುವುದಿಲ್ಲ. ಅವಳಿಗೆ ಇಡೀ ಚಾವಡಿ ಕಾಣಬೇಕು. ನಡುವೆ ಒಬ್ಬನೇ ಕೂತ ಗಂಡ, ಪಕ್ಕದಲ್ಲಿ ಅವಳು ಕೂರುತ್ತಿದ್ದ ಕುರ್ಚಿ ಖಾಲಿ, ಹಿಂದೆ ಉದ್ದಕ್ಕೆ ಬರೀ ಗೋಡೆ. ಟಿವಿಯ ಮೇಲೊಂದು ಕೆಮರಾ ಇಟ್ಟು, ಪರದೆಯ ತುಂಬ ಅವಳ ಮುಖ ನೋಡುತ್ತ, ಒಂದೇ ಒಂದು ಮಾತು ಹೇಳಬೇಕು. ಬಾಯಿಂದ ಅದು ಹೊರಡದಿದ್ದರೂ ಅಡ್ಡಿಯಿಲ್ಲ, ಕುರ್ಚಿ ಹೇಳುತ್ತದೆ.

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಅವನು ಅಂದು ರಜೆ ಹಾಕಿ ಬೆಳಿಗ್ಗೆಯೇ ಉಡುಪಿಯ ಬಸ್ಸು ಹತ್ತಿದ. ಕಡಿಯಾಳಿಯಲ್ಲಿ ಪ್ರವೀಣ್ ಎಂಬವನ ಅಂಗಡಿ. ಗೋಡೆಯ ತುಂಬ ವಯರುಗಳು ಒಣಹಾಕಿದ ಮೀನಿನಂತೆ ನೇತಾಡುತ್ತಿದ್ದವು. ಟಿವಿ ಕಡ್ಡಿಗೆ ಕೆಮರಾ ಹಾಕಬಹುದೇ ಎಂದು ಮ್ಯಾಕ್ಸಿಮ್ ಕೇಳಿದ. ಅವನು ಕಿತ್ತು ತಂದಿದ್ದ ಕಡ್ಡಿಯನ್ನು ಪ್ರವೀಣ್ ತಿರುಗಿಸಿ ನೋಡಿದ.

"ಹಾಕಬಹುದು ಸರ್. ಆದರೆ ಇರುವುದು ಒಂದೇ ಕಿಂಡಿ ಅಲ್ವಾ. ಅದರಲ್ಲೇ ಇದು ಕರೆಂಟು ಕುಡಿಯಬೇಕು. ಬಾಟ್ಲಿಯಲ್ಲಿ ಹಾಲು ಕುಡಿಯುವ ಮಗುವಿನ ಹತ್ತಿರ ಹಾಡು ಹೇಳು ಅಂದ ಹಾಗೆ ಆಗ್ತದೆ. ನಿಮಗೆ ಹಬ್ಬು ಬೇಕು."

ಹಬ್ಬು ಎಂದರೆ ಸಾಬೂನಿನ ಗಾತ್ರದ ಪ್ಲಾಸ್ಟಿಕ್ ಪೆಟ್ಟಿಗೆ, ಮೈತುಂಬ ಕಿಂಡಿ. ಕೆಮರಾ ಅದಕ್ಕೆ, ಹಬ್ಬು ಕಡ್ಡಿಗೆ. ಆದರೆ ಇಷ್ಟಕ್ಕೆಲ್ಲ ಕಡ್ಡಿಯ ಕರೆಂಟು ಸಾಲುವುದಿಲ್ಲ, ಹಬ್ಬಿಗೆ ಬೇರೆ ಚಾರ್ಜರು ಬೇಕು. ಟಿವಿ ಗೋಡೆಗೆ ಅಂಟಿಕೊಂಡಿದ್ದರೆ ಕಡ್ಡಿ ಹೊರಗೆ ಬರಲು ಬಾಲದಂಥ ಒಂದು ಮೋಟು ವಯರು ಬೇಕು. ಮನೆಯಲ್ಲಿ ವೈಫೈ ಹೇಗೆ ಎಂದು ಪ್ರವೀಣ್ ವಿಚಾರಿಸಿದ. ವೈಫೈ ನೆರೆಮನೆಯದು, ಎರಡು ಗೋಡೆ ದಾಟಿ ಬರುತ್ತದೆ ಎಂದು ಗೊತ್ತಾದದ್ದೇ ಅವನ ಮುಖ ವೈದ್ಯರ ಮುಖದಂತಾಯಿತು. ಹಾಗೆ ಬಂದರೆ ಮೇಡಮ್ಮನ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ನೆರೆಮನೆಯಿಂದಲೇ ವಯರು ಎಳೆಯಿರಿ ಎಂದ. ಒಂದು ಕಿಂಡಿಯ ಕೊರತೆ ತುಂಬಿಸಲು ಹೋದವನು ಶಾಲೆ ಆರಂಭವಾಗುವ ದಿನದ ತಂದೆಯಂತೆ ಚೀಲ ಹೊತ್ತು ಹೊರಬಿದ್ದ.

ಕಾಪುವಿನಲ್ಲಿ ಬಸ್ಸಿಳಿದು ಮನೆಯ ಓಣಿಗೆ ತಿರುಗಿದಾಗ ನೆರೆಮನೆಯ ಸರಸಕ್ಕ ಬೇಲಿಯ ಬಳಿ ನಿಂತಿದ್ದರು. ಓಣಿಯಲ್ಲಿ ಯಾರ ಕೈಯಲ್ಲಿ ಯಾವ ಚೀಲ ಎಂಬುದು ಅವರ ಕಣ್ಣು ದಾಟಿಯೇ ಹೋಗಬೇಕು. ಅವರ ಮನೆಮಾತು ತುಳು, ಇವನದು ಕೊಂಕಣಿ. ಮ್ಯಾಕ್ಸಿಮನ ತುಳು ಹರಕಾದ್ದರಿಂದ ಇಬ್ಬರೂ ಬೇಲಿಯ ಬಳಿ ಭೇಟಿಯಾಗುವುದು ಕನ್ನಡದಲ್ಲಿ.

"ಎಂತ ಮ್ಯಾಕ್ಸಿಮ್, ಇವತ್ತು ರಜೆಯಾ? ಇಷ್ಟು ದೊಡ್ಡ ಚೀಲ?"

"ಹಬ್ಬು ಸರಸಕ್ಕ," ಎಂದ ಅವನು, ನಡೆಯುತ್ತಲೇ. "ಸಂಜೆಗೆ ಬೇಕು. ನಿಮ್ಮ ಜಿತೇಂದ್ರ ಇದ್ದರೆ ಸ್ವಲ್ಪ ಕಳಿಸಿ."

ದಿನವಿಡೀ ಕೊಂಬು, ದೀರ್ಘ, ಒತ್ತಕ್ಷರಗಳ ಮೇಲೆ ಕಣ್ಣಿಟ್ಟು ಬದುಕುವವನು, ತನ್ನ ಬಾಯಿಂದ ಬಿದ್ದ ಮಾತಿನ ಕೊಂಬು ಬೇಲಿಗೆ ಸಿಕ್ಕಿಕೊಂಡು ಉಳಿದದ್ದನ್ನು ಗಮನಿಸಲಿಲ್ಲ. ಸರಸಕ್ಕನ ಕಿವಿಗೆ ತಲುಪಿದ್ದು ಹಬ್ಬ. ಅದನ್ನು ಅವರು ಓಣಿಯವರಿಗೆಲ್ಲ ತುಳುವಿನಲ್ಲಿ 'ಪರ್ಬ' ಎಂದು ದಾಟಿಸಿದರು. ಓಣಿಯ ಕೊನೆಯ ಮನೆಯ ಡುಲ್ಸಿನ್ ಬಾಯಿ ಅದನ್ನು ಕೊಂಕಣಿಗೆ ತಂದುಕೊಂಡು 'ಫೆಸ್ತ್' ಎಂದರು. ಮೂರನೆಯ ಭಾಷೆ ಸೇರುವಷ್ಟರಲ್ಲಿ ಆ ಮಾತಿಗೆ ಪ್ಲಾಸ್ಟಿಕ್ಕಿನ ವಾಸನೆಯೂ ಉಳಿದಿರಲಿಲ್ಲ.

ಆದರೆ ಡುಲ್ಸಿನ್ ಬಾಯಿ ಇಗರ್ಜಿಯ ಲೆಕ್ಕದಲ್ಲಿ ಗಟ್ಟಿ. ಆ ದಿನ ಯಾವ ಸಂತನ ಹಬ್ಬವೂ ಇಲ್ಲ ಎಂಬುದು ಅವರಿಗೆ ಗೊತ್ತು. ಹಾಗಾದರೆ ಇದು ಮನೆಯದೇ ಹಬ್ಬ. ಹೆಂಡತಿ ಊರಲ್ಲಿಲ್ಲದ ಗಂಡಸು ರಜೆ ಹಾಕಿ, ಚೀಲ ಹೊತ್ತು ತಂದು, ಹಗಲು ಹೊತ್ತಿನಲ್ಲಿ ಚಾವಡಿ ಗುಡಿಸುತ್ತಿದ್ದಾನೆ ಎಂದರೆ ಏನರ್ಥ? ಶಾರ್ಲೆಟ್ ಬರುತ್ತಿದ್ದಾಳೆ. ಬಾಯಿಬಿಡದ ಹುಡುಗ, ಯಾರಿಗೂ ಹೇಳಿಲ್ಲ ಅಷ್ಟೆ. ಅವರು ಆಗಲೇ ಹಬ್ಬಕ್ಕೆ ಮಾಡುವ ಇಡ್ಲಿಯಂಥ ಸಾನ್ನಾಂ ಬೇಯಿಸಲು ಕೂತರು.

ಗುಡಿಸುತ್ತಿದ್ದುದು ನಿಜ. ಆದರೆ ಎಷ್ಟು ಗುಡಿಸಬೇಕು ಎಂಬುದೇ ಮ್ಯಾಕ್ಸಿಮನ ಸಮಸ್ಯೆಯಾಗಿತ್ತು. ಮನೆ ಥಳಥಳ ಎಂದರೆ ಇವನಿಗೇನು ಕಷ್ಟವೆಂದು ಅವಳು ಅಂದುಕೊಳ್ಳಬಹುದು. ತೀರ ಕೊಳಕಾಗಿದ್ದರೆ ಇಂಥವನ ಬಳಿ ಏಕೆ ಬರಲಿ ಎಂದುಕೊಳ್ಳಬಹುದು. ಒಂಟಿತನಕ್ಕೆ ಸರಿಯಾದ ಧೂಳಿನ ಪ್ರಮಾಣ ಯಾವುದು? ಅರ್ಧ ಚಾವಡಿ ಗುಡಿಸಿ ನಿಲ್ಲಿಸಿದ. ಕುರ್ಚಿಯನ್ನು ತನ್ನ ಪಕ್ಕಕ್ಕೆ ತಂದಿಟ್ಟ, ದೂರ ಸರಿಸಿದ, ಮತ್ತೆ ತಂದಿಟ್ಟ. ಇಷ್ಟು ದಿನ ಸುಮ್ಮನೆ ಒಂಟಿಯಾಗಿದ್ದವನಿಗೆ, ಈಗ ಒಂಟಿಯಂತೆ ಕಾಣುವುದು ಇಷ್ಟು ಕಷ್ಟದ ಕೆಲಸವೆಂದು ಆಶ್ಚರ್ಯವಾಯಿತು.

ಅಷ್ಟರಲ್ಲಿ ಸರಸಕ್ಕನ ಮಗ ಜಿತೇಂದ್ರ ಬಂದ. ಮಲ್ಪೆಯ ಬೋಟಿಗೆ ಹೋಗುವವನು, ಬೋಟು ರಿಪೇರಿಗೆ ನಿಂತಿದ್ದರಿಂದ ಕೈ ತುರಿಸುತ್ತಿತ್ತು. ತನ್ನ ಮನೆಯಿಂದ ವಯರನ್ನು ಬೇಲಿಯ ಮೇಲಿಂದ, ಪಪ್ಪಾಯಿ ಮರದ ಕವಲಿನಿಂದ ಹಾಯಿಸಿ, ಮ್ಯಾಕ್ಸಿಮನ ಕಿಟಕಿಯೊಳಗೆ ತೂರಿಸಿದ. ಅಲ್ಲಿಗೆ ವಯರು ಮುಗಿಯಿತು. ಟಿವಿ ಇನ್ನೂ ಒಂದು ಮಾರು ದೂರವಿತ್ತು. ಟಿವಿಯ ಕಡೆಯಿಂದ ಕಡ್ಡಿ, ಬಾಲ, ಕೆಮರಾದ ವಯರು ಎಲ್ಲವನ್ನೂ ಎಳೆದಷ್ಟು ಎಳೆದರು. ಎರಡೂ ಕಡೆಯ ವಯರುಗಳು ಸೇರಿದ್ದು ನಟ್ಟನಡುವೆ, ಗಾಳಿಯಲ್ಲಿ. ಹಬ್ಬು ಅಲ್ಲಿ ತೊಟ್ಟಿಲಿನಂತೆ ತೂಗತೊಡಗಿತು. ಕೈಬಿಟ್ಟರೆ ಅದರ ಭಾರಕ್ಕೆ ಕಡ್ಡಿ ಟಿವಿಯಿಂದ ಕಳಚಿ ಬೀಳುತ್ತಿತ್ತು. ಉಡುಪಿಗೆ ಮತ್ತೊಮ್ಮೆ ಹೋಗಿಬರಲು ಹೊತ್ತಿರಲಿಲ್ಲ.

"ನೀವು ಮಾತಾಡಿ, ನಾನು ಹಿಡ್ಕೊಳ್ತೇನೆ," ಎಂದ ಜಿತೇಂದ್ರ, ಸ್ಟೂಲು ಹತ್ತುತ್ತ. "ಬಲೆಯನ್ನೇ ಹಿಡಿದು ನಿಲ್ಲುವವನಿಗೆ ಇದು ಎಂತ ಭಾರ ಮಾರಾಯ್ರೆ."

ಗಂಡಹೆಂಡಿರ ನಡುವೆ ಸ್ಟೂಲಿನ ಮೇಲೊಬ್ಬ ನೆರೆಯವನು ನಿಲ್ಲುವುದು ಮ್ಯಾಕ್ಸಿಮನ ಲೆಕ್ಕದಲ್ಲಿ ಇರಲಿಲ್ಲ. ಆದರೂ ಜಿತೇಂದ್ರ ಕೆಮರಾದ ಕಣ್ಣಿಗೆ ಬೀಳುವುದಿಲ್ಲ, ಅವನಿಗೆ ಕೊಂಕಣಿಯೂ ಬಾರದು ಎಂದು ಸಮಾಧಾನ ಮಾಡಿಕೊಂಡ.

ಆಗ ಡುಲ್ಸಿನ್ ಬಾಯಿ ಒಳಗೆ ಬಂದರು. ಕೈಯಲ್ಲಿ ಸಾನ್ನಾಂ ಪಾತ್ರೆ, ಕುತ್ತಿಗೆಯಲ್ಲಿ ಹಬ್ಬದ ಸರ. ಹಿಂದೆಯೇ ಕೋಳಿ ಸುಕ್ಕದ ಜತೆ ಸರಸಕ್ಕ, ಅವರ ಹಿಂದೆ ಓಣಿಯ ಮೂರು ಮನೆಯವರು. ವಿಮಾನ ಎಷ್ಟು ಹೊತ್ತಿಗೆ, ಮಂಗಳೂರಿಗೆ ಕಾರು ಹೋಗಿದೆಯೇ, ನೀನೇಕೆ ಕರೆಯಲು ಹೋಗಲಿಲ್ಲ ಎಂದು ಎಲ್ಲರೂ ಒಟ್ಟಿಗೆ ಕೇಳತೊಡಗಿದರು. ಏನಾಗುತ್ತಿದೆ ಎಂದು ಮ್ಯಾಕ್ಸಿಮನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸ್ವಲ್ಪ ಹೊತ್ತು ಅವನೂ ಅದನ್ನು ನಂಬಿದ. ಇಷ್ಟು ಜನ ಇಷ್ಟು ಖಂಡಿತವಾಗಿ ಹೇಳುವಾಗ ಅವಳು ನಿಜಕ್ಕೂ ಎಲ್ಲೋ ಪಡುಬಿದ್ರಿ ದಾಟಿ ಬರುತ್ತಿರಬಹುದು ಅನಿಸಿ, ಅವನ ಕಣ್ಣು ತಾನಾಗಿ ಬಾಗಿಲ ಕಡೆ ಹೋಯಿತು. ಬಾಗಿಲಲ್ಲಿ ಯಾರದೋ ಚಪ್ಪಲಿಗಳಷ್ಟೇ ಇದ್ದವು.

ಹಬ್ಬವಲ್ಲ, ಹಬ್ಬು ಎಂದು ಅವನು ಗಾಳಿಯಲ್ಲಿ ತೂಗುತ್ತಿದ್ದ ಪೆಟ್ಟಿಗೆ ತೋರಿಸಿದ. ಎಲ್ಲರೂ ಅದನ್ನು ನೋಡಿದರು. ಇದಕ್ಕಾಗಿಯೇ ತಾನು ಕೋಳಿ ಕೊಯ್ಯಿಸಿದ್ದು ಎಂದು ಸರಸಕ್ಕ ಸಣ್ಣ ಧ್ವನಿಯಲ್ಲಿ ಹೇಳಿದರು. ಆದರೆ ಬೆಂದ ಅಡುಗೆಯನ್ನು ಹೊತ್ತು ಮರಳುವ ಪದ್ಧತಿ ಆ ಓಣಿಯಲ್ಲಿಲ್ಲ. ಶಾರ್ಲೆಟ್ ಬರದಿದ್ದರೇನು, ಟಿವಿಯಲ್ಲಿ ಬರುತ್ತಾಳಲ್ಲ ಎಂದು ಡುಲ್ಸಿನ್ ಬಾಯಿ ನಿರ್ಧರಿಸಿ ಖಾಲಿ ಕುರ್ಚಿಯಲ್ಲಿ ಕೂತೇಬಿಟ್ಟರು. ಉಳಿದವರು ಚಾಪೆ ಹುಡುಕಿದರು. ಚಾಪೆ ಸಾಲದೆ ಗುಡಿಸದ ಅರ್ಧವನ್ನು ಸರಸಕ್ಕ ತಾವೇ ಗುಡಿಸಿದರು. ಬಾಳೆಲೆ ಬಂತು. ಎಲ್ಲರನ್ನೂ ಹೇಗೆ ಹೊರಡಿಸಲಿ ಎಂದು ಮ್ಯಾಕ್ಸಿಮ್ ಯೋಚಿಸುತ್ತಿರುವಂತೆಯೇ ಟಿವಿ ಕರೆಯತೊಡಗಿತು.

ಶಾರ್ಲೆಟ್ ಪರದೆಯ ತುಂಬ ಬಂದಳು. ಅವಳ ಗಲ್ಲದ ಮೇಲಿನ ಮಚ್ಚೆ ಎರಡು ವರ್ಷದ ನಂತರ ಮೊದಲ ಬಾರಿಗೆ ಕಂಡಿತು. ಹಾಸ್ಟೆಲ್ ಕೋಣೆಯ ಮಂಚದ ಮೇಲೆ ಕೂತಿದ್ದಳು, ಕಣ್ಣಿನ ಕೆಳಗೆ ಕಪ್ಪು. ಅವನು ನೆನೆಸಿದ್ದಂತೆಯೇ ಅವಳಿಗೆ ಇಡೀ ಚಾವಡಿ ಕಂಡಿತು. ಚಾವಡಿಯೂ ಒಟ್ಟಾಗಿ ಅವಳನ್ನು ಮಾತಾಡಿಸಿತು. ತೆಳ್ಳಗಾಗಿದ್ದೀ ಎಂದವರು, ದಪ್ಪಗಾಗಿದ್ದೀ ಎಂದವರು, ಕುವೈತಿನಲ್ಲಿ ಒಳ್ಳೆ ಬಂಗುಡೆ ಸಿಗುತ್ತದೆಯೇ ಎಂದು ಕೇಳಿದವರು. ಅವಳು ಒಬ್ಬೊಬ್ಬರ ಹೆಸರು ಹಿಡಿದು ಉತ್ತರಿಸಿದಳು. ಮ್ಯಾಕ್ಸಿಮ್ ತನ್ನ ಸರದಿಗೆ ಕಾದ, ಪಡಿತರ ಅಂಗಡಿಯಲ್ಲಿ ಕಾದಂತೆ.

ಕೊನೆಗೊಮ್ಮೆ ಎಲ್ಲರ ಬಾಯಲ್ಲೂ ತುತ್ತು ಇದ್ದ ಒಂದು ಗಳಿಗೆ ಸಿಕ್ಕಿತು. ಅವನು ಕೆಮರಾದ ಹತ್ತಿರ ಬಾಗಿದ. ಎರಡು ವರ್ಷ ಹೇಳದೆ ಉಳಿಸಿಕೊಂಡದ್ದು ಗಂಟಲಿಗೆ ಬಂದಿತ್ತು. ಪಿಸುಮಾತಿಗಿಂತ ಒಂದು ಮೆಟ್ಟಿಲಷ್ಟೇ ಮೇಲಿನ ಧ್ವನಿಯಲ್ಲಿ, ಕೊಂಕಣಿಯಲ್ಲಿ ಹೇಳಿದ:

"ಶಾರ್ಲೆಟ್, ನೀನಿಲ್ಲದೆ ನನಗೆ ಇಲ್ಲಿ ಯಾರೂ ಇಲ್ಲ."

ಡುಲ್ಸಿನ್ ಬಾಯಿಯ ಕಿವಿ ಚುರುಕು. ಬಾಯಲ್ಲಿದ್ದುದನ್ನು ನುಂಗಿ, ಅಷ್ಟನ್ನೂ ಸರಸಕ್ಕನಿಗಾಗಿ ತುಳುವಿಗೆ ಅನುವಾದಿಸಿದರು. ಎಲೆಯ ಮುಂದೆ ಸಾಲಾಗಿ ಕೂತು ಕೋಳಿ ಸುಕ್ಕ ಉಣ್ಣುತ್ತಿದ್ದ ಚಾವಡಿ ಹೊಟ್ಟೆ ಹಿಡಿದು ನಕ್ಕಿತು. ಸ್ಟೂಲಿನ ಮೇಲೆ ಜಿತೇಂದ್ರನೂ ನಕ್ಕ. ಅವನು ನಕ್ಕರೆ ಹಬ್ಬು ಅಲುಗಾಡುತ್ತಿತ್ತು. ಪರದೆಯ ಮೇಲೆ ಶಾರ್ಲೆಟ್ ಬಾಯಿ ಅರ್ಧ ತೆರೆದಂತೆ ಸ್ತಬ್ಧಳಾದಳು. ಅದು ನಗುವಿನ ಅರ್ಧವೋ ಅಳುವಿನ ಅರ್ಧವೋ ತಿಳಿಯದೆ ಮ್ಯಾಕ್ಸಿಮ್ ಆ ನಿಂತ ಮುಖವನ್ನು ನೋಡಿದ. ಮನುಷ್ಯರ ಮುಖವನ್ನು ಇಷ್ಟು ಹೊತ್ತು ನೋಡಲು ಬದುಕಿನಲ್ಲಿ ಎಂದೂ ಸಿಗುವುದಿಲ್ಲ ಅನಿಸಿತು.

ಜಿತೇಂದ್ರ ಕೈ ಬಿಗಿ ಮಾಡಿದ. ಅವಳು ಮತ್ತೆ ಚಲಿಸಿದಾಗ ಕಣ್ಣು ಒದ್ದೆಯಾಗಿತ್ತು.

"ನಿನಗೊಂದು ಹೇಳ್ಲಾ?" ಎಂದಳು. "ನಾಳೆ ಬೆಳಿಗ್ಗೆ ಹೋಗಿ, ನಾನು ಊರಿಗೆ ಹೋಗ್ತೇನೆ, ಇನ್ನು ಇರುವುದಿಲ್ಲ ಅಂತ ಹೇಳುವುದೆಂದೇ ಇದ್ದೆ. ಇಲ್ಲಿ ನನಗೆ ನಿದ್ದೆಯಿಲ್ಲ. ನೀನು ಅಲ್ಲಿ ಒಬ್ಬನೇ ಕೂತು ತಣ್ಣಗಿನ ಅನ್ನ ಉಣ್ಣುವುದೇ ಕಣ್ಣ ಮುಂದೆ ಬರ್ತಿತ್ತು. ನೀನಂತೂ ಬಾಯಿಬಿಟ್ಟು ಹೇಳುವವನಲ್ಲ."

"ಹೌದು," ಎಂದ ಮ್ಯಾಕ್ಸಿಮ್.

"ಈಗ ಇದನ್ನೆಲ್ಲ ನೋಡಿ ಎದೆ ಹಗುರ ಆಯ್ತು. ನಾನಿರುವಾಗಲೂ ನಮ್ಮ ಮನೆಯಲ್ಲಿ ಇಷ್ಟು ನಗು ಇರಲಿಲ್ಲ. ಇನ್ನೆರಡು ವರ್ಷ ಇದ್ದುಬಿಡ್ತೇನೆ. ಇನ್ನು ನನಗೆ ಚಿಂತೆಯಿಲ್ಲ."

ಡುಲ್ಸಿನ್ ಬಾಯಿ ಅನುವಾದಿಸಿದರು. ಎಷ್ಟು ಒಳ್ಳೆಯ ಹುಡುಗಿ ಎಂದು ಸರಸಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ದಿನಾ ಸಂಜೆ ತಪ್ಪದೆ ಬಂದು ಹಬ್ಬು ಹಿಡಿಯುತ್ತೇನೆಂದು ಜಿತೇಂದ್ರ ಮಾತು ಕೊಟ್ಟ. ಮ್ಯಾಕ್ಸಿಮ್ ಕೆಮರಾಕ್ಕೆ ಇನ್ನಷ್ಟು ಹತ್ತಿರವಾಗಿ, ಅಲ್ಲ, ನಾನು ಹೇಳಿದ್ದು ತಮಾಷೆಯಲ್ಲ ಎನ್ನಲು ಬಾಯಿ ತೆರೆದ.

"ಮ್ಯಾಕ್ಸಿಮ್," ಎಂದಳು ಶಾರ್ಲೆಟ್, ಕತ್ತು ವಾಲಿಸಿ ಅವನ ಹೆಗಲ ಆಚೆ ಇಣುಕುತ್ತ, "ನೀನು ಸ್ವಲ್ಪ ಬದಿಗೆ ಸರಿ. ನೀನು ಅಡ್ಡ ಕೂತರೆ ಯಾರೂ ಕಾಣುವುದಿಲ್ಲ."

ಅವನು ಸರಿದ. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅವನ ಮನೆ ಕಾಣುತ್ತಿತ್ತು. ಡುಲ್ಸಿನ್ ಬಾಯಿ ಇದ್ದರು, ಸರಸಕ್ಕ ಇದ್ದರು, ಎಲೆಗಳು, ಚಾಪೆಗಳು, ನಗುವ ಮುಖಗಳು ಎಲ್ಲ ಇದ್ದವು. ಅವನೊಬ್ಬ ಇರಲಿಲ್ಲ.

"ಹಾಂ," ಎಂದಳು ಶಾರ್ಲೆಟ್. "ಈಗ ಮನೆ ಸರಿ ಕಾಣ್ತದೆ."